ಕ್ಲೌಡ್‌ಗೆ ಯಾವ ಫೋಲ್ಡರ್ ಬೇಡ? ಸಿಂಕ್‌ನಿಂದ ಹೊರಗಿಡುವ ಸರಿಯಾದ ಕ್ರಮ

ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್ ಯಾವುದೇ ಇರಲಿ, ಹಾಕಿಕೊಂಡ ಸ್ವಲ್ಪ ದಿನಕ್ಕೇ 'ಜಾಗ ತುಂಬಿದೆ' ಎಂಬ ಸೂಚನೆ ಶುರುವಾಗುತ್ತದೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲ್ ಮತ್ತು ಫೋಟೋಗಳೂ ಸೇರಿರುತ್ತವೆ. ಒನ್‌ಡ್ರೈವ್ ಮತ್ತು ಐಕ್ಲೌಡ್ ತಲಾ 5 ಜಿಬಿ ಕೊಡುತ್ತವೆ. ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ದುಡ್ಡು ಕೊಟ್ಟು ಜಾಗ ಹೆಚ್ಚಿಸಿಕೊಂಡರೂ ಇಂಟರ್ನೆಟ್ ವೇಗ ಅಷ್ಟೇ ಇರುತ್ತದಲ್ವಾ? ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 40 ಜಿಬಿಯ ಒಂದು ವಿಡಿಯೊ ಫೋಲ್ಡರ್ ಮೇಲೆ ಹೋಗಲು ಸುಮಾರು 9 ಗಂಟೆ ಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇಟ್ಟುಕೊಂಡವರಿಗಂತೂ ಆ ದಿನದ ಡೇಟಾ ಬೆಳಗ್ಗೆಯೇ ಮುಗಿದಿರುತ್ತದೆ.

ಹಾಗಾಗಿ ಕೆಲವು ಫೋಲ್ಡರ್‌ಗಳನ್ನು ಸಿಂಕ್‌ನಿಂದ ಹೊರಗಿಡಲೇಬೇಕಾಗುತ್ತದೆ. ಸಿಂಕ್ ಅಂದರೆ ಕಂಪ್ಯೂಟರಿನಲ್ಲಿರುವ ಮತ್ತು ಕ್ಲೌಡ್‌ನಲ್ಲಿರುವ ಫೈಲ್‌ಗಳನ್ನು ತಾನಾಗಿಯೇ ಒಂದೇ ಥರ ಇಡುವುದು. ಆದರೆ ಸೆಟ್ಟಿಂಗ್ಸ್ ತೆರೆದು ಕಂಡ ಟಿಕ್ ತೆಗೆಯುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಫೈಲ್ ಕಳೆದುಕೊಂಡವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.

'ಹೊರಗಿಡುವುದು' ಅಂದರೆ ಮೂರು ಬೇರೆ ಬೇರೆ ಕೆಲಸ

ಮೊದಲನೆಯದು: ಫೋಲ್ಡರ್ ಕ್ಲೌಡ್‌ನಲ್ಲಿ ಇರಲಿ, ಈ ಕಂಪ್ಯೂಟರಿಗೆ ಮಾತ್ರ ಬೇಡ. ಲ್ಯಾಪ್‌ಟಾಪಿನ ಡಿಸ್ಕ್ ಚಿಕ್ಕದಿದ್ದಾಗ ಬೇಕಾಗುವುದು ಇದು. ಇದನ್ನು ಮಾಡಿದರೆ ಕಂಪ್ಯೂಟರಿನಲ್ಲಿರುವ ಪ್ರತಿ ಅಳಿದು ಹೋಗುತ್ತದೆ, ಕ್ಲೌಡ್‌ನಲ್ಲಿರುವುದು ಉಳಿಯುತ್ತದೆ.

ಎರಡನೆಯದು: ಫೋಲ್ಡರ್ ಈ ಕಂಪ್ಯೂಟರಿನಲ್ಲಿ ಇರಲಿ, ಕ್ಲೌಡ್‌ಗೆ ಬೇಡ. ಕ್ಲೌಡ್‌ನ ಜಾಗ ಅಥವಾ ಡೇಟಾ ಉಳಿಸಬೇಕಾದಾಗ, ಇಲ್ಲವೇ ಖಾಸಗಿ ಕಾಗದಪತ್ರ ಮನೆಯಲ್ಲೇ ಇರಬೇಕು ಎಂದಾಗ ಬೇಕಾಗುವುದು ಇದು. ಇದನ್ನು ಮಾಡಿದರೆ ಕ್ಲೌಡ್‌ನಲ್ಲಿದ್ದ ಪ್ರತಿ ಅಳಿಯುತ್ತದೆ. ನಿಮ್ಮ ಬೇರೆ ಕಂಪ್ಯೂಟರ್‌ಗಳಿಂದಲೂ ಅಳಿಯುತ್ತದೆ. ಇಲ್ಲಿರುವುದು ಮಾತ್ರ ಉಳಿಯುತ್ತದೆ.

ಮೂರನೆಯದು: ಹೆಸರು ಕಾಣಲಿ, ಫೈಲ್ ಬೇಕಾದಾಗ ಇಳಿಯಲಿ. ಒನ್‌ಡ್ರೈವ್‌ನ 'ಫೈಲ್ಸ್ ಆನ್-ಡಿಮ್ಯಾಂಡ್', ಗೂಗಲ್ ಡ್ರೈವ್‌ನ 'ಸ್ಟ್ರೀಮ್' ಇವೆಲ್ಲ ಇದೇ ಬಗೆಯವು.

ಮೊದಲನೆಯದು ಮತ್ತು ಎರಡನೆಯದು ಪೂರ್ತಿ ಉಲ್ಟಾ. ಒಂದರಲ್ಲಿ ಇಲ್ಲಿಯದು ಹೋಗುತ್ತದೆ, ಇನ್ನೊಂದರಲ್ಲಿ ಅಲ್ಲಿಯದು ಹೋಗುತ್ತದೆ. ಆದ್ದರಿಂದ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ಉಳಿಯಬೇಕಾದ ಪ್ರತಿ ಎಲ್ಲಿದೆ? ಇದಕ್ಕೆ ಉತ್ತರ ಸಿಕ್ಕ ಮೇಲೆಯೇ ಮುಂದಿನ ಹೆಜ್ಜೆ.

ಯಾವುದನ್ನು ಹೊರಗಿಡಬೇಕು

ದೊಡ್ಡ ಫೋಲ್ಡರ್‌ಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಮದುವೆಯ ವಿಡಿಯೊ, ಕ್ಯಾಮೆರಾದ ರಾ ಫೋಟೊ, ವರ್ಚುವಲ್ ಮಷೀನಿನ ಡಿಸ್ಕ್ ಫೈಲ್ ಇಂಥವು. ಕಣ್ಣಿಗೆ ಬೀಳದೆ ಜಾಸ್ತಿ ಕಾಟ ಕೊಡುವುದು ಚಿಕ್ಕ ಚಿಕ್ಕ ಫೈಲ್‌ಗಳು ತುಂಬಿದ ಫೋಲ್ಡರ್‌ಗಳು. ಪ್ರೋಗ್ರಾಮಿಂಗ್ ಮಾಡುವವರಿಗೆ 'ನೋಡ್ ಮಾಡ್ಯೂಲ್ಸ್' ಫೋಲ್ಡರ್ (ಪ್ರಾಜೆಕ್ಟಿಗೆ ಬೇಕಾದ ಸಿದ್ಧ ಕೋಡ್ ಇಳಿಸಿಡುವ ಜಾಗ) ಗೊತ್ತೇ ಇರುತ್ತದೆ. ಒಂದು ಸಾಧಾರಣ ಪ್ರಾಜೆಕ್ಟಿನಲ್ಲೂ ಅದರೊಳಗೆ ಹತ್ತಾರು ಸಾವಿರ ಫೈಲ್ ಇರಬಹುದು. ಸಿಂಕ್ ತಂತ್ರಾಂಶ ಒಂದೊಂದನ್ನೂ ನೋಡಬೇಕು, ಲೆಕ್ಕ ಇಡಬೇಕು. ಒಟ್ಟು 3 ಲಕ್ಷ ಫೈಲ್ ದಾಟದಿದ್ದರೆ ಒಳ್ಳೆಯದು ಎಂದು ಮೈಕ್ರೋಸಾಫ್ಟ್ ಒನ್‌ಡ್ರೈವ್ ಬಳಸುವವರಿಗೆ ಸಲಹೆ ಕೊಟ್ಟಿದೆ. ಅಂಥ ನಾಲ್ಕಾರು ಪ್ರಾಜೆಕ್ಟ್ ಇದ್ದರೆ ಆ ಮಿತಿ ಹತ್ತಿರ ಬಂದೇ ಬಿಡುತ್ತದೆ. ಬೇಕಾದಾಗ ಒಂದೇ ಆದೇಶದಿಂದ ಮತ್ತೆ ಇಳಿಸಿಕೊಳ್ಳಬಹುದಾದ ಫೋಲ್ಡರ್ ಅದು, ಕ್ಲೌಡ್‌ನಲ್ಲಿ ಸುಮ್ನೆ ಇಡಬೇಕಾಗಿಲ್ಲ. ಪೈಥಾನ್ ಬಳಸುವವರ ವರ್ಚುವಲ್ ಎನ್ವಿರಾನ್‌ಮೆಂಟ್ ಕೂಡ ಹಾಗೆಯೇ. ಅದರೊಳಗೆ ಆ ಕಂಪ್ಯೂಟರಿನ ಫೋಲ್ಡರ್ ವಿಳಾಸಗಳು ಬರೆದಿರುತ್ತವೆ. ಹಾಗಾಗಿ ಸಿಂಕ್ ಮಾಡಿ ಇನ್ನೊಂದು ಕಂಪ್ಯೂಟರಿಗೆ ಒಯ್ದರೂ ಅಲ್ಲಿ ಸರಿಯಾಗಿ ನಡೆಯುವುದಿಲ್ಲ.

ಮೂರನೇ ಗುಂಪು ಎಲ್ಲಕ್ಕಿಂತ ಮುಖ್ಯ. ಯಾವುದೋ ತಂತ್ರಾಂಶ ಸದಾ ತೆರೆದಿಟ್ಟುಕೊಂಡು ಬರೆಯುತ್ತಿರುವ ಫೈಲ್‌ಗಳು ಈ ಗುಂಪಿನವು. ಅಂಗಡಿ, ಆಡಿಟರ್ ಕಚೇರಿಗಳಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ವೋಚರ್ ಹಾಕಿದರೆ ಒಳಗೆ ಹಲವು ಫೈಲ್‌ಗಳು ಒಟ್ಟಿಗೆ ಬದಲಾಗುತ್ತವೆ. ಸಿಂಕ್ ತಂತ್ರಾಂಶಕ್ಕೆ ಅವೆಲ್ಲ ಒಂದಕ್ಕೊಂದು ಹೊಂದಿಕೊಂಡಿರಬೇಕು ಎಂಬುದು ಗೊತ್ತಿರುವುದಿಲ್ಲ. ಅದು ಒಂದನ್ನು ಹೊಸದು, ಇನ್ನೊಂದನ್ನು ಹಳೆಯದು ಕಳಿಸಿಬಿಡಬಹುದು. ಎರಡು ಕಂಪ್ಯೂಟರಿನಲ್ಲಿ ಅದೇ ಕಂಪನಿಯ ಲೆಕ್ಕ ತೆರೆದಿದ್ದರಂತೂ ಕೇಳುವುದೇ ಬೇಡ, ಎರಡು ಬಗೆಯ ಪ್ರತಿಗಳು ಹುಟ್ಟಿಕೊಂಡು ಯಾವುದು ಸರಿ ಎಂದು ಹುಡುಕುವ ಕೆಲಸ ಗಂಟು ಬೀಳುತ್ತದೆ. ಡೇಟಾ ಫೋಲ್ಡರನ್ನು ಸಿಂಕ್‌ನ ಹೊರಗೆ ಇಟ್ಟು, ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ 'ಬ್ಯಾಕಪ್' ಆರಿಸಿ, ಆ ಬ್ಯಾಕಪ್ಪನ್ನು ಮಾತ್ರ ಕ್ಲೌಡ್ ಫೋಲ್ಡರಿಗೆ ಹಾಕಿ. ಔಟ್‌ಲುಕ್‌ನ ಪಿಎಸ್‌ಟಿ ಫೈಲಿಗೂ (ಇಮೇಲ್‌ಗಳನ್ನು ಕೂಡಿಡುವ ಫೈಲ್), ಪ್ರೋಗ್ರಾಮರ್‌ಗಳ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ವ್ಯವಸ್ಥೆ) ಫೋಲ್ಡರಿಗೂ ಇದೇ ಮಾತು. ಗಿಟ್‌ಗೆ ತನ್ನದೇ ಆದ ದಾರಿ ಇದೆ. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ಗೆ ಪುಶ್ ಮಾಡಿದರೆ ಸಾಕು.

ಶುರು ಮಾಡುವ ಮುನ್ನ

ಸಿಂಕ್ ನಿಲ್ಲಿಸಿ. ಒನ್‌ಡ್ರೈವ್‌ನಲ್ಲಿ 2, 8 ಅಥವಾ 24 ಗಂಟೆ ನಿಲ್ಲಿಸುವ ಆಯ್ಕೆ ಇದೆ, ಬೇರೆಯವುಗಳಲ್ಲೂ 'ಪಾಸ್' ಇರುತ್ತದೆ. ಆಮೇಲೆ ಹೊರಗಿಡಬೇಕಾದ ಫೋಲ್ಡರಿನ ಒಂದು ಪ್ರತಿಯನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳಿ. ಬ್ರೌಸರಿನಲ್ಲಿ ನಿಮ್ಮ ಕ್ಲೌಡ್ ಖಾತೆ ತೆರೆದು ಅಲ್ಲಿ ಆ ಫೋಲ್ಡರ್ ಪೂರ್ತಿ ಇದೆಯೇ, ಅರ್ಧಕ್ಕೆ ನಿಂತಿದೆಯೇ ನೋಡಿ. ಅರ್ಧ ಮಾತ್ರ ಮೇಲೆ ಹೋಗಿದ್ದರೆ, 'ಕ್ಲೌಡ್‌ನಲ್ಲಿ ಇದೆಯಲ್ಲ' ಎಂಬ ಧೈರ್ಯಕ್ಕೆ ಅರ್ಥವಿಲ್ಲ.

ಇನ್ನೊಂದು: ಆ ಫೋಲ್ಡರನ್ನು ಬೇರೆಯವರ ಜೊತೆ ಹಂಚಿಕೊಂಡಿದ್ದೀರಾ? ಹಾಗಿದ್ದರೆ ಅವರಿಗೆ ಒಂದು ಮಾತು ಹೇಳಿ. ನೀವು ತೆಗೆದದ್ದು ಅವರ ಕಂಪ್ಯೂಟರಿನಲ್ಲೂ ಮಾಯವಾಗಬಹುದು.

ಒನ್‌ಡ್ರೈವ್

ವಿಂಡೋಸ್ ಜೊತೆಗೇ ಬರುವುದರಿಂದ ತುಂಬಾ ಜನ ತಮಗೆ ಗೊತ್ತಿಲ್ಲದೇ ಇದನ್ನು ಬಳಸುತ್ತಿರುತ್ತಾರೆ. ಈ ಕಂಪ್ಯೂಟರಿಗೆ ಬೇಡವಾದ ಫೋಲ್ಡರನ್ನು ತೆಗೆಯುವ ಕ್ರಮ ಹೀಗೆ:

1. ಪರದೆಯ ಕೆಳಗೆ ಬಲ ಮೂಲೆಯಲ್ಲಿ, ಗಡಿಯಾರದ ಹತ್ತಿರ ಇರುವ ಮೋಡದ ಗುರುತನ್ನು ಒತ್ತಿ. ಕಾಣದಿದ್ದರೆ ಮೇಲ್ಮುಖ ಬಾಣ ಒತ್ತಿದರೆ ಸಿಗುತ್ತದೆ.
2. ಗೇರ್ ಚಿಹ್ನೆ ಒತ್ತಿ 'ಸೆಟ್ಟಿಂಗ್ಸ್'ಗೆ ಹೋಗಿ.
3. 'ಅಕೌಂಟ್' ಭಾಗದಲ್ಲಿ 'ಚೂಸ್ ಫೋಲ್ಡರ್ಸ್' ಒತ್ತಿ.
4. ಬೇಡವಾದ ಫೋಲ್ಡರಿನ ಟಿಕ್ ತೆಗೆದು 'ಓಕೆ' ಒತ್ತಿ.

ಟಿಕ್ ತೆಗೆದ ಕೂಡಲೇ ಆ ಫೋಲ್ಡರ್ ಕಂಪ್ಯೂಟರಿನಿಂದ ಹೋಗುತ್ತದೆ. ಗಾಬರಿ ಬೇಡ, ಬ್ರೌಸರಿನಲ್ಲಿ ನೋಡಿದರೆ ಅಲ್ಲಿ ಇರುತ್ತದೆ. ಮತ್ತೆ ಬೇಕಾದರೆ ಅದೇ ಜಾಗದಲ್ಲಿ ಟಿಕ್ ಹಾಕಿ, ವಾಪಸ್ ಬರುತ್ತದೆ. ಈ ಆಯ್ಕೆ ಆ ಒಂದು ಕಂಪ್ಯೂಟರಿಗೆ ಮಾತ್ರ ಸಂಬಂಧಿಸಿದ್ದು. ಕಚೇರಿಯ ಕಂಪ್ಯೂಟರಿನಲ್ಲೂ ಬೇಡವೆಂದರೆ ಅಲ್ಲಿ ಮತ್ತೊಮ್ಮೆ ಮಾಡಬೇಕು.

ಎರಡನೇ ಬಗೆ, ಅಂದರೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಕ್ಲೌಡ್‌ಗೆ ಕಳಿಸದಿರುವುದು, ಒನ್‌ಡ್ರೈವ್‌ನ ಸ್ವಂತ ಖಾತೆಯಲ್ಲಿ ಟಿಕ್ ಒತ್ತಿ ಆಗುವ ಕೆಲಸವಲ್ಲ. ಕಚೇರಿಗಳಲ್ಲಿ ಐಟಿ ವಿಭಾಗದವರು ಗ್ರೂಪ್ ಪಾಲಿಸಿ ಮೂಲಕ ಪಿಎಸ್‌ಟಿಯಂಥ ಫೈಲ್ ಬಗೆಗಳನ್ನು ತಡೆಯಬಹುದು. ಮನೆಯ ಬಳಕೆಗೆ ಇರುವ ಭದ್ರವಾದ ದಾರಿ ಒಂದೇ, ಫೋಲ್ಡರನ್ನು ಒನ್‌ಡ್ರೈವ್‌ನ ಹೊರಗೆ ಇಡುವುದು. ಸಿ ಡ್ರೈವಿನಲ್ಲೋ ಡಿ ಡ್ರೈವಿನಲ್ಲೋ 'ಸ್ಥಳೀಯ' ಎಂಬ ಹೆಸರಿನ ಫೋಲ್ಡರ್ ಮಾಡಿ, ಅಲ್ಲಿಗೆ ಸಾಗಿಸಿ.

ಸಾಗಿಸುವಾಗ ಎಚ್ಚರ. ನೀವು ಹೊರಗೆ ಸಾಗಿಸಿದ್ದನ್ನು ಒನ್‌ಡ್ರೈವ್ 'ಅಳಿಸಿದ್ದಾರೆ' ಎಂದೇ ತಿಳಿಯುತ್ತದೆ. ಕ್ಲೌಡ್‌ನಲ್ಲಿ ಅದು ರಿಸೈಕಲ್ ಬಿನ್‌ಗೆ ಹೋಗುತ್ತದೆ, ಬೇರೆ ಕಂಪ್ಯೂಟರ್‌ಗಳಿಂದಲೂ ಕಣ್ಮರೆಯಾಗುತ್ತದೆ. ಸ್ವಂತ ಖಾತೆಯಲ್ಲಿ 30 ದಿನ ಅದು ಬಿನ್‌ನಲ್ಲಿ ಇರುತ್ತದೆ, ಅಷ್ಟರೊಳಗೆ ಬೇಕಾದರೆ ವಾಪಸ್ ತರಬಹುದು. ಹಾಗಾಗಿ 'ಕಟ್' ಮಾಡುವ ಬದಲು ಮೊದಲು ಹೊರಗೆ 'ಕಾಪಿ' ಮಾಡಿ, ಅಲ್ಲಿ ನಾಲ್ಕು ಫೈಲ್ ತೆರೆದು ನೋಡಿ, ಆಮೇಲೆ ಒನ್‌ಡ್ರೈವ್‌ನೊಳಗಿನದನ್ನು ಅಳಿಸಿ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ವಿಷಯ ಬೇರೆ. ಹೊಸ ಕಂಪ್ಯೂಟರ್ ಸೆಟಪ್ ಮಾಡುವಾಗ 'ಬ್ಯಾಕಪ್' ಎಂದು ಕೇಳಿದ್ದಕ್ಕೆ ಹೌದು ಎಂದಿದ್ದರೆ ಈ ಮೂರೂ ಒನ್‌ಡ್ರೈವ್‌ನೊಳಗೆ ಸೇರಿಕೊಂಡಿರುತ್ತವೆ. ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ 'ಸಿಂಕ್ ಅಂಡ್ ಬ್ಯಾಕಪ್', ಅದರೊಳಗೆ 'ಮ್ಯಾನೇಜ್ ಬ್ಯಾಕಪ್' ತೆರೆದು ಒಂದೊಂದನ್ನೇ ನಿಲ್ಲಿಸಿ. ನಿಲ್ಲಿಸಿದಾಗ ಡೆಸ್ಕ್‌ಟಾಪ್ ಖಾಲಿಯಾಗಿ ಕಾಣಿಸಬಹುದು. ಫೈಲ್‌ಗಳು ಎಲ್ಲೂ ಹೋಗಿರುವುದಿಲ್ಲ, ಒನ್‌ಡ್ರೈವ್ ಫೋಲ್ಡರಿನೊಳಗಿನ 'ಡೆಸ್ಕ್‌ಟಾಪ್'ನಲ್ಲಿ ಇರುತ್ತವೆ. ಅಲ್ಲಿಂದ ಕಾಪಿ ಮಾಡಿ ತಂದುಕೊಳ್ಳಿ. ಇದು ಗೊತ್ತಿಲ್ಲದೆ ಹಿರಿಯರು ಎಷ್ಟು ಗಾಬರಿಯಾಗುತ್ತಾರೆ ಎಂಬುದು ನೋಡಿದವರಿಗೇ ಗೊತ್ತು. ಅಪ್ಪ ಅಮ್ಮನ ಕಂಪ್ಯೂಟರಿನಲ್ಲಿ ಇದನ್ನು ನಿಲ್ಲಿಸುವುದಾದರೆ ಪಕ್ಕದಲ್ಲೇ ಕೂತು ಮಾಡಿ, ಫೋನಿನಲ್ಲಿ ಹೇಳಿ ಮಾಡಿಸಬೇಡಿ.

ಇನ್ನು ಮೂರನೇ ಬಗೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಆರಿಸಿದರೆ ಡಿಸ್ಕ್‌ನ ಜಾಗ ಬಿಡುಗಡೆಯಾಗುತ್ತದೆ, ಹೆಸರು ನೀಲಿ ಮೋಡದ ಗುರುತಿನೊಂದಿಗೆ ಉಳಿಯುತ್ತದೆ. ಡಿಸ್ಕ್ ತುಂಬಿದೆ ಎಂಬುದಷ್ಟೇ ನಿಮ್ಮ ತೊಂದರೆಯಾದರೆ 'ಚೂಸ್ ಫೋಲ್ಡರ್ಸ್'ಗಿಂತ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಏನೇನಿದೆ ಎಂಬುದು ಕಣ್ಣೆದುರು ಇರುತ್ತದೆ. ಆದರೆ ಮೋಡದ ಗುರುತಿನ ಫೈಲನ್ನು 'ಡಿಲೀಟ್' ಮಾಡಿದರೆ ಅದು ಕ್ಲೌಡ್‌ನಿಂದಲೂ ಹೋಗುತ್ತದೆ. ಜಾಗ ಖಾಲಿ ಮಾಡುವುದಕ್ಕೂ ಅಳಿಸುವುದಕ್ಕೂ ಇರುವ ಈ ವ್ಯತ್ಯಾಸವನ್ನು ಮನೆಯ ಎಲ್ಲರಿಗೂ ಹೇಳಿಕೊಡಿ.

ಡ್ರಾಪ್‌ಬಾಕ್ಸ್

ಇದರಲ್ಲಿ ಮೊದಲ ಎರಡು ಬಗೆಗಳಿಗೂ ಬೇರೆ ಬೇರೆ ಸೌಲಭ್ಯ ಇದೆ. ಹಾಗಾಗಿ ಗೊಂದಲವೂ ಇಲ್ಲೇ ಜಾಸ್ತಿ.

'ಸೆಲೆಕ್ಟಿವ್ ಸಿಂಕ್' ಮೊದಲ ಬಗೆಯದು. ಡ್ರಾಪ್‌ಬಾಕ್ಸ್ ಚಿಹ್ನೆ ಒತ್ತಿ, ನಿಮ್ಮ ಖಾತೆಯ ಚಿತ್ರದ ಮೇಲೆ ಒತ್ತಿ, 'ಪ್ರಿಫರೆನ್ಸಸ್' ತೆರೆದು 'ಸಿಂಕ್' ಭಾಗಕ್ಕೆ ಹೋಗಿ. ಅಲ್ಲಿ ಫೋಲ್ಡರ್‌ಗಳ ಪಟ್ಟಿ ಸಿಗುತ್ತದೆ. ಟಿಕ್ ತೆಗೆದದ್ದು ಕಂಪ್ಯೂಟರಿನಿಂದ ಹೋಗಿ ಕ್ಲೌಡ್‌ನಲ್ಲಿ ಉಳಿಯುತ್ತದೆ. ಹಂಚಿಕೊಂಡ ಫೋಲ್ಡರ್ ಆದರೂ ಬೇರೆಯವರಿಗೆ ಏನೂ ಆಗುವುದಿಲ್ಲ. ಹೀಗೆ ತೆಗೆದ ಫೋಲ್ಡರಿನ ಹೆಸರಿನಲ್ಲೇ ಮತ್ತೊಂದು ಫೋಲ್ಡರನ್ನು ಅದೇ ಜಾಗದಲ್ಲಿ ಮಾಡಬೇಡಿ. ಡ್ರಾಪ್‌ಬಾಕ್ಸ್ ಅದಕ್ಕೆ 'ಸೆಲೆಕ್ಟಿವ್ ಸಿಂಕ್ ಕಾನ್‌ಫ್ಲಿಕ್ಟ್' ಎಂಬ ಬಾಲ ಅಂಟಿಸಿ ಎರಡನ್ನೂ ಇಟ್ಟುಬಿಡುತ್ತದೆ.

'ಇಗ್ನೋರ್' ಎರಡನೇ ಬಗೆಯದು. ಫೋಲ್ಡರ್ ಡ್ರಾಪ್‌ಬಾಕ್ಸ್‌ನೊಳಗೇ ಇರುತ್ತದೆ, ಮೇಲೆ ಮಾತ್ರ ಹೋಗುವುದಿಲ್ಲ. ನೋಡ್ ಮಾಡ್ಯೂಲ್ಸ್‌ನಂಥ ಫೋಲ್ಡರಿಗೆ ಇದು ಹೇಳಿ ಮಾಡಿಸಿದಂತಿದೆ. ಪ್ರಾಜೆಕ್ಟಿನ ಉಳಿದ ಭಾಗ ಸಿಂಕ್ ಆಗುತ್ತಿರುತ್ತದೆ, ಆ ಒಂದು ಒಳ ಫೋಲ್ಡರ್ ಮಾತ್ರ ಹೊರಗುಳಿಯುತ್ತದೆ. ಇದನ್ನು ಮಾಡಲು ಫೋಲ್ಡರಿನ ಮೇಲೆ ಒಂದು ಅಡಗಿದ ಗುರುತು ಹಾಕಬೇಕು. ವಿಂಡೋಸ್‌ನಲ್ಲಿ ಪವರ್‌ಶೆಲ್ ಮೂಲಕ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಟರ್ಮಿನಲ್ ಮೂಲಕ. ಎರಡೂ ಆದೇಶವನ್ನು ಬರೆದು ನಡೆಸುವ ಕಿಟಕಿಗಳು. ಆದೇಶದ ಸಾಲು ಪ್ರತಿಯೊಂದು ವ್ಯವಸ್ಥೆಗೂ ಬೇರೆ, ಡ್ರಾಪ್‌ಬಾಕ್ಸ್‌ನ ಸಹಾಯ ಪುಟದಲ್ಲಿ 'ಇಗ್ನೋರ್ಡ್ ಫೈಲ್ಸ್' ಎಂದು ಹುಡುಕಿ ಅಲ್ಲಿಂದಲೇ ಕಾಪಿ ಮಾಡಿಕೊಳ್ಳಿ. ಅದರಲ್ಲಿ ನೀವು ಬದಲಿಸಬೇಕಾದದ್ದು ಫೋಲ್ಡರಿನ ವಿಳಾಸ ಮಾತ್ರ. ವಿಂಡೋಸ್‌ನಲ್ಲಿ ಆ ವಿಳಾಸ ಸಿಗಲು, ಶಿಫ್ಟ್ ಒತ್ತಿಕೊಂಡು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಾಪಿ ಆ್ಯಸ್ ಪಾತ್' ಆರಿಸಿ.

ಗುರುತು ಬಿದ್ದ ಮೇಲೆ ಫೋಲ್ಡರ್ ಮೇಲೆ ಬೂದು ಬಣ್ಣದ ಮೈನಸ್ ಚಿಹ್ನೆ ಕಾಣುತ್ತದೆ. ಅದು ಮೊದಲೇ ಸಿಂಕ್ ಆಗಿದ್ದ ಫೋಲ್ಡರ್ ಆಗಿದ್ದರೆ, ಡ್ರಾಪ್‌ಬಾಕ್ಸ್‌ನ ಸರ್ವರ್‌ನಿಂದಲೂ ನಿಮ್ಮ ಬೇರೆ ಸಾಧನಗಳಿಂದಲೂ ಅಳಿಯುತ್ತದೆ. ಸೆಲೆಕ್ಟಿವ್ ಸಿಂಕ್‌ಗೆ ತದ್ವಿರುದ್ಧ! ಇನ್ನು ಮುಂದೆ ಅದರ ಏಕೈಕ ಪ್ರತಿ ನಿಮ್ಮ ಎದುರಿಗಿರುವ ಕಂಪ್ಯೂಟರಿನ ಡಿಸ್ಕ್‌ನಲ್ಲಿ ಮಾತ್ರ ಇರುತ್ತದೆ. ಮತ್ತೆ ಹುಟ್ಟಿಸಿಕೊಳ್ಳಲಾಗದ ಫೈಲ್‌ಗಳಿಗೆ ಹೀಗೆ ಮಾಡುವುದಾದರೆ ಮೊದಲು ಬೇರೆ ಕಡೆ ಬ್ಯಾಕಪ್ ಇರಲಿ.

ಗೂಗಲ್ ಡ್ರೈವ್

ಗೂಗಲ್‌ನ ಹಳೆಯ 'ಬ್ಯಾಕಪ್ ಅಂಡ್ ಸಿಂಕ್' ತಂತ್ರಾಂಶದಲ್ಲಿ ಫೋಲ್ಡರ್‌ಗಳಿಗೆ ಒಂದೊಂದಾಗಿ ಟಿಕ್ ಹಾಕುವ ಅವಕಾಶ ಇತ್ತು. ಅದು 2021ರಲ್ಲಿ ನಿಂತಿತು. ಈಗಿರುವ 'ಡ್ರೈವ್ ಫಾರ್ ಡೆಸ್ಕ್‌ಟಾಪ್'ನಲ್ಲಿ 'ಮೈ ಡ್ರೈವ್'ಗೆ ಎರಡೇ ದಾರಿ. 'ಮಿರರ್' ಎಂದರೆ ಎಲ್ಲವೂ ಕಂಪ್ಯೂಟರಿಗೆ ಬರುತ್ತದೆ. 'ಸ್ಟ್ರೀಮ್' ಎಂದರೆ ಹೆಸರು ಮಾತ್ರ ಕಾಣುತ್ತದೆ, ತೆರೆದಾಗ ಇಳಿಯುತ್ತದೆ. ಕೆಲವು ಬೇಕು ಕೆಲವು ಬೇಡ ಎನ್ನುವವರು 'ಸ್ಟ್ರೀಮ್' ಆರಿಸಿ, ಬೇಕಾದ ಫೋಲ್ಡರ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಆಫ್‌ಲೈನ್‌ನಲ್ಲಿ ಸಿಗುವಂತೆ ಮಾಡಿಕೊಳ್ಳಬೇಕು. ಬೇಡದ್ದನ್ನು ಹೊರಗಿಡುವ ಬದಲು ಬೇಕಾದ್ದನ್ನು ಆರಿಸುವ ಕ್ರಮ ಇದು.

ಕಂಪ್ಯೂಟರಿನ ಫೋಲ್ಡರ್‌ಗಳನ್ನು ಮೇಲೆ ಕಳಿಸುವ ವಿಷಯದಲ್ಲೂ ಹೀಗೆಯೇ ಯೋಚಿಸಿ. ಡ್ರೈವ್‌ನ ಪ್ರಿಫರೆನ್ಸಸ್‌ನಲ್ಲಿ ಒಂದು ಫೋಲ್ಡರ್ ಸೇರಿಸಿದರೆ ಅದರೊಳಗಿನದೆಲ್ಲ ಹೋಗುತ್ತದೆ. ಒಳಗಿನ ಒಂದನ್ನು ಮಾತ್ರ ಬಿಡಬೇಕೆಂದರೆ ಮೇಲಿನ ದೊಡ್ಡ ಫೋಲ್ಡರ್ ಸೇರಿಸಬೇಡಿ, ಒಳಗಿನ ಬೇಕಾದ ಫೋಲ್ಡರ್‌ಗಳನ್ನು ಒಂದೊಂದಾಗಿ ಸೇರಿಸಿ. ಉದಾಹರಣೆಗೆ 'ಸ್ಟುಡಿಯೊ' ಎಂಬ ಫೋಲ್ಡರಿನಲ್ಲಿ 'ರಾ', 'ಎಡಿಟ್', 'ಬಿಲ್' ಎಂಬ ಮೂರು ಇದ್ದರೆ, 'ಎಡಿಟ್' ಮತ್ತು 'ಬಿಲ್' ಮಾತ್ರ ಸೇರಿಸಿ. ಸೇರಿಸುವಾಗ ಗೂಗಲ್ ಡ್ರೈವ್‌ಗೆ ಸಿಂಕ್ ಮಾಡಬೇಕೋ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಮಾಡಬೇಕೋ ಎಂದು ಕೇಳುತ್ತದೆ. ಎರಡಕ್ಕೂ ಟಿಕ್ ಹಾಕಿದರೆ ಅದೇ ಚಿತ್ರಗಳು ಎರಡು ಕಡೆ ಜಾಗ ತಿನ್ನುತ್ತವೆ.

ಐಕ್ಲೌಡ್, ಮತ್ತೆ ಉಳಿದವು

ಮ್ಯಾಕ್‌ನಲ್ಲಿ ಐಕ್ಲೌಡ್ ಡ್ರೈವ್‌ನೊಳಗೆ ಒಂದು ಫೋಲ್ಡರ್ ಸಿಂಕ್ ಆಗಬಾರದು ಎಂದರೆ ಅದರ ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು, ಆಮೇಲೆ 'ನೋಸಿಂಕ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಸೇರಿಸಿ: ಎನ್, ಓ, ಎಸ್, ವೈ, ಎನ್, ಸಿ. ಬಹಳ ಜನ ಬಳಸುವ ಉಪಾಯ ಇದು. ಹೆಸರು ಬದಲಾದರೆ ಆ ಫೋಲ್ಡರನ್ನು ಹುಡುಕುವ ತಂತ್ರಾಂಶಗಳಿಗೆ ಸಿಗುವುದಿಲ್ಲ ಎಂಬುದೊಂದೇ ಕೊರತೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಬೇಡವಾದರೆ ಐಕ್ಲೌಡ್ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆಂದೇ ಇರುವ ಸ್ವಿಚ್ ಆಫ್ ಮಾಡಿ.

ನೆಕ್ಸ್ಟ್‌ಕ್ಲೌಡ್ ಬಳಸುವವರಿಗೆ ಸುಲಭ. ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಫೋಲ್ಡರ್‌ಗಳ ಟಿಕ್ ತೆಗೆಯಬಹುದು, 'ಎಡಿಟ್ ಇಗ್ನೋರ್ಡ್ ಫೈಲ್ಸ್' ಪಟ್ಟಿಯಲ್ಲಿ ಹೆಸರಿನ ಮಾದರಿಯನ್ನೂ ಬರೆಯಬಹುದು. 500 ಎಂಬಿಗಿಂತ ದೊಡ್ಡ ಹೊಸ ಫೋಲ್ಡರ್ ಬಂದರೆ ಇಳಿಸಲೇ ಎಂದು ಅದೇ ಕೇಳುತ್ತದೆ. ಇಂಥ ಪ್ರಶ್ನೆ ಕೇಳುವ ಸೌಜನ್ಯ ಎಲ್ಲದರಲ್ಲೂ ಇರಬೇಕಿತ್ತು.

ಹೊರಗಿಡುವ ಕೆಲಸ ನಿಜವಾಗಿ ಚೆನ್ನಾಗಿರುವುದು ಸಿಂಕ್‌ಥಿಂಗ್‌ನಲ್ಲಿ. ಅದು ನಿಮ್ಮ ಎರಡು ಕಂಪ್ಯೂಟರ್‌ಗಳ ನಡುವೆ ನೇರವಾಗಿ ಸಿಂಕ್ ಮಾಡುವ ಉಚಿತ ತಂತ್ರಾಂಶ, ನಡುವೆ ಯಾರ ಜಾಗವನ್ನೂ ಬಾಡಿಗೆಗೆ ಪಡೆಯಬೇಕಾಗಿಲ್ಲ. ಫೋಲ್ಡರಿನ 'ಎಡಿಟ್' ಒತ್ತಿ 'ಇಗ್ನೋರ್ ಪ್ಯಾಟರ್ನ್ಸ್' ತೆರೆದರೆ ಖಾಲಿ ಪೆಟ್ಟಿಗೆ ಸಿಗುತ್ತದೆ. ಸಾಲಿಗೊಂದು ಹೆಸರು ಬರೆಯಿರಿ. ಆ ಹೆಸರಿನ ಫೋಲ್ಡರ್ ಎಷ್ಟು ಆಳದಲ್ಲಿದ್ದರೂ ಹೊರಗುಳಿಯುತ್ತದೆ. ಒಂದನ್ನು ಮಾತ್ರ ಒಳಗೆ ಬಿಡಬೇಕೆಂದರೆ ಅದರ ಹೆಸರಿನ ಆರಂಭದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಆ ಸಾಲನ್ನು ಪಟ್ಟಿಯ ಮೇಲ್ಗಡೆ ಇಡಿ. ಮೊದಲು ಹೊಂದುವ ಸಾಲೇ ಗೆಲ್ಲುತ್ತದೆ. ಈ ಪಟ್ಟಿ ತಾನಾಗಿ ಇನ್ನೊಂದು ಕಂಪ್ಯೂಟರಿಗೆ ಹೋಗುವುದಿಲ್ಲ, ಅಲ್ಲಿಯೂ ಬರೆಯಬೇಕು.

ಮುಗಿದ ಮೇಲೆ ನೋಡಬೇಕಾದ್ದು

ಸಿಂಕ್ ಮತ್ತೆ ಶುರು ಮಾಡಿ, ಅದು ಪೂರ್ತಿಯಾಗುವ ತನಕ ಕಾಯಿರಿ. ಹೊರಗಿಟ್ಟ ಫೋಲ್ಡರಿನೊಳಗೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್ ಮಾಡಿ ಇಡಿ. ಸ್ವಲ್ಪ ಹೊತ್ತಿನ ನಂತರ ಬ್ರೌಸರಿನಲ್ಲಿ ಕ್ಲೌಡ್ ಖಾತೆ ತೆರೆದು ನೋಡಿ. ಆ ಫೈಲ್ ಅಲ್ಲಿ ಕಾಣಿಸದಿದ್ದರೆ ಎರಡನೇ ಬಗೆಯ ಕೆಲಸ ಸರಿಯಾಗಿದೆ. ಮೊದಲ ಬಗೆಯಾದರೆ ಈ ಪರೀಕ್ಷೆ ಉಲ್ಟಾ. ಬ್ರೌಸರಿನಲ್ಲಿ ಆ ಫೋಲ್ಡರಿಗೆ ಒಂದು ಫೈಲ್ ಹಾಕಿ, ಅದು ಕಂಪ್ಯೂಟರಿಗೆ ಇಳಿಯದೇ ಇದೆಯೇ ನೋಡಿ.

ಇಷ್ಟಾದರೂ ಕ್ಲೌಡ್‌ನ ಜಾಗ ಕಡಿಮೆಯಾಗಿಲ್ಲ ಎನಿಸಬಹುದು. ಗೂಗಲ್ ಡ್ರೈವ್‌ನಲ್ಲಿ ಟ್ರ್ಯಾಶ್‌ನಲ್ಲಿರುವುದೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ, 30 ದಿನ ಕಳೆದ ಮೇಲೆ ತಾನಾಗಿ ಅಳಿಯುತ್ತದೆ. ಬೇಗ ಜಾಗ ಬೇಕಿದ್ದರೆ ನೀವೇ ಖಾಲಿ ಮಾಡಬಹುದು. ಖಾಲಿ ಮಾಡಿದ್ದನ್ನು ವಾಪಸ್ ತರುವುದು ಕಷ್ಟ. ಆದ್ದರಿಂದ ಅದಕ್ಕೂ ಮೊದಲು ಹಾರ್ಡ್ ಡಿಸ್ಕ್‌ನಲ್ಲಿಟ್ಟ ಪ್ರತಿಯಿಂದ ಕೆಲವು ಫೈಲ್‌ಗಳನ್ನು ತೆರೆದು, ಒಳಗಿನದು ಸರಿಯಾಗಿದೆಯೇ ನೋಡಿಕೊಳ್ಳಿ. ಎರಡು ಫೋಟೊ, ಒಂದು ವಿಡಿಯೊದ ಕೊನೆಯ ಭಾಗ, ಒಂದು ಎಕ್ಸೆಲ್ ಹಾಳೆ ತೆರೆದರೆ ಸಾಕು. ಎಲ್ಲವೂ ತೆರೆದುಕೊಂಡ ಮೇಲೆ ಟ್ರ್ಯಾಶ್ ಖಾಲಿ ಮಾಡಿ.